ಕಾಲಲ್ಲಿ ಕೆಂಪು ಚುಕ್ಕೆ, ಡಾಕ್ಟರು ವ್ಯಾಸ್ಕುಲೈಟಿಸ್ ಅಂದರು. ಇದು ರಕ್ತದ ಕ್ಯಾನ್ಸರ್‌ನ ಮೊದಲ ಸೂಚನೆಯೇ?

ಆಗಿರಬಹುದು, ಆದರೆ ಅಪರೂಪ. ವ್ಯಾಸ್ಕುಲೈಟಿಸ್ ಅಂದರೆ ರಕ್ತನಾಳದ ಗೋಡೆ ಊದಿಕೊಳ್ಳುವುದು, ಅದಕ್ಕೆ ಜಾಸ್ತಿ ಸಲ ಸೋಂಕೋ ಯಾವುದೋ ಮಾತ್ರೆಯೋ ಕಾರಣ. ನಮ್ಮ ಮಡಿಕೇರಿ ಕಡೆ ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದವರು ಇದನ್ನು ಇಂಬಳ ಕಚ್ಚಿದ ಗುರುತು ಅಂದುಕೊಂಡು ಸುಮ್ನೆ ಬಿಟ್ಟುಬಿಡುತ್ತಾರೆ, ನನಗೆ ಭಯ ಅದೇ. ಚುಕ್ಕೆಯ ಮೇಲೆ ಗಾಜಿನ ಲೋಟ ಒತ್ತಿ ನೋಡಿ. ಬಣ್ಣ ಮಾಸದಿದ್ದರೆ ಚರ್ಮದೊಳಗೆ ರಕ್ತ ಸೋರಿದೆ ಅಂತ. ಬೆರಳಿಗೆ ಉಬ್ಬು ಸಿಕ್ಕರೆ ವ್ಯಾಸ್ಕುಲೈಟಿಸ್ ಅನುಮಾನ, ಚಪ್ಪಟೆ ಇದ್ದರೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಕಡಿಮೆ ಇರಬಹುದು. ಕೆಲವರಲ್ಲಿ ಹೇರಿ ಸೆಲ್ ಲ್ಯುಕೇಮಿಯಾ, ಲಿಂಫೋಮಾದಂಥ ರಕ್ತದ ಕ್ಯಾನ್ಸರ್ ಪತ್ತೆಯಾಗುವ ಮೊದಲೇ ವ್ಯಾಸ್ಕುಲೈಟಿಸ್ ಕಾಣಿಸಿಕೊಂಡದ್ದುಂಟು. ಹಾಗಾಗಿ ಚುಕ್ಕೆ ಮತ್ತೆ ಮತ್ತೆ ಬರುತ್ತಿದ್ದು ಜೊತೆಗೆ ಜ್ವರ, ಸುಸ್ತು, ತೂಕ ಇಳಿಕೆ ಇದ್ದರೆ ಸಿಬಿಸಿ (ರಕ್ತಕಣಗಳ ಎಣಿಕೆ), ರಕ್ತದ ಸ್ಮಿಯರ್ (ಸೂಕ್ಷ್ಮದರ್ಶಕದಲ್ಲಿ ರಕ್ತದ ಹನಿ ನೋಡುವುದು), ಮೂತ್ರ ಪರೀಕ್ಷೆ, ಹೊಸ ಚುಕ್ಕೆಯ ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷೆ) ಮಾಡಿಸಿ. ಡಾಕ್ಟರನ್ನು ಕೇಳದೆ ಸ್ಟೆರಾಯ್ಡ್ ಮಾತ್ರೆ ನುಂಗಬೇಡಿ, ನಿಜವಾದ ಕಾಯಿಲೆ ಮುಚ್ಚಿಹೋಗಬಹುದು.