ವೇಷ ನೋಡಿ ಪ್ರಸಂಗ ಹೇಳಬಹುದೇ?

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಲ ಗಿಟಾರಿನದ್ದೇ ಕಾರುಬಾರು.

ಬಕೆಟ್‌ಹೆಡ್ ಎಂಬ ಅಮೆರಿಕದ ಗಿಟಾರ್ ವಾದಕ ಮುಖಕ್ಕೆ ಬಿಳಿ ಮುಖವಾಡ ಹಾಕಿ, ತಲೆಗೆ ಕೋಳಿ ಫ್ರೈ ಕೊಡುವ ಕಾಗದದ ಬಕೆಟ್ ಕವುಚಿಕೊಂಡು ನುಡಿಸುತ್ತಾನೆ. ಅದು ಪ್ರೋಗ್ರೆಸಿವ್ ರಾಕ್ ಎಂದು ನಾನು. ಬರೇ ಕೋಡಂಗಿ ವೇಷ ಎನ್ನುತ್ತಾರೆ ನನ್ನ ಭಾವ. ಯಾರು ಸರಿ? — ಓದುಗರು, ಬದಿಯಡ್ಕ

ಭಾವ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನೀವೂ ಪೂರ್ತಿ ಸರಿಯಲ್ಲ.

ಮೊದಲು ಬಕೆಟ್ ಬದಿಗಿಡೋಣ. ಆತನ ಹೆಸರು ಬ್ರಯಾನ್ ಕ್ಯಾರಲ್, ಹುಟ್ಟಿದ್ದು 1969ರಲ್ಲಿ. ಗಿಟಾರಿಗ ಪಾಲ್ ಗಿಲ್ಬರ್ಟ್ ಬಳಿ ಪಾಠ ಹೇಳಿಸಿಕೊಂಡ ಕೈ ಅದು. 2000ದಿಂದ 2004ರವರೆಗೆ ಗನ್ಸ್ ಎನ್ ರೋಸಸ್ ತಂಡದಲ್ಲಿದ್ದ. 2008ರಲ್ಲಿ ಹೊರಬಂದ ಅವರ ‘ಚೈನೀಸ್ ಡೆಮಾಕ್ರಸಿ’ಯಲ್ಲಿ ಆತನ ಗಿಟಾರು ಕೇಳಿಸುತ್ತದೆ. ಕೋಳಿಗೂಡಿನಲ್ಲಿ ಕೋಳಿಗಳೇ ಸಾಕಿದ ಹುಡುಗ ಎಂಬ ಕತೆ ಆ ವೇಷಕ್ಕೆ ಕಟ್ಟಿದ್ದು. ಕೋಳಿ ಅಂಕದ ಊರಿನವರಾದ ನಾವು ಅದನ್ನು ಕೇಳಿ ನಕ್ಕು ಬಿಟ್ಟರೆ ಸಾಕು.

ಪ್ರೋಗ್ರೆಸಿವ್ ರಾಕ್ ಅನ್ನು ‘ಪ್ರಗತಿಶೀಲ’ ಎಂದು ಕನ್ನಡಿಸಿದರೆ ಎಡವಟ್ಟಾಗುತ್ತದೆ, ಆ ಮಾತು ನಮ್ಮಲ್ಲಿ ಸಾಹಿತ್ಯದವರ ಪಾಲಿಗೆ ಹೋಗಿದೆ. ಹಾಗಾಗಿ ಎಲ್ಲರೂ ಕರೆಯುವಂತೆ ಪ್ರೋಗ್ ಎಂದೇ ಇರಲಿ. 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಬೆಳೆದದ್ದು. ಅದರ ಗುರುತು ವೇಗವಲ್ಲ, ಉದ್ದವೂ ಅಲ್ಲ, ಭಾಗಗಳನ್ನು ಜೋಡಿಸಿ ಕಟ್ಟಿದ ರೀತಿ. ಜೆನೆಸಿಸ್ ತಂಡದ ‘ಸಪ್ಪರ್ಸ್ ರೆಡಿ’ (1972) ತೆಗೆದುಕೊಳ್ಳಿ. ಸುಮಾರು 23 ನಿಮಿಷ, 7 ಭಾಗ. ನಡುವೆ ಒಂದು ಭಾಗ 9ರ ಎಣಿಕೆಯಲ್ಲಿ ನಡೆಯುತ್ತದೆ. ಶುರುವಿನಲ್ಲಿ ಮೆಲ್ಲಗೆ ಹಾಡಿದ ಧಾಟಿಯೇ ಕೊನೆಯಲ್ಲಿ ದೊಡ್ಡದಾಗಿ ತಿರುಗಿ ಬರುತ್ತದೆ. ಅಲ್ಲಿವರೆಗಿನ 20 ನಿಮಿಷ ಆ ಬರುವಿಕೆಗೆ ಹಾಸಿದ ದಾರಿ. ಒಂದು ಭಾಗ ಕಿತ್ತರೆ ಉಳಿದದ್ದು ಜೋಲುತ್ತದೆ.

ಈಗ ಬಕೆಟ್‌ಹೆಡ್‌ನ ‘ಸೂತ್‌ಸೇಯರ್’ (2006) ಕೇಳಿ. ಅದೂ 9 ನಿಮಿಷದ್ದು. ತಂತಿಗಳನ್ನು ಬಿಡಿಬಿಡಿಯಾಗಿ ಮೀಟುವ ಆರಂಭ, ಆಮೇಲೆ ದಪ್ಪ ಡಿಸ್ಟಾರ್ಷನ್ (ನಾದವನ್ನು ಒರಟು ಮಾಡುವ ಪರಿಣಾಮ), ಅದರ ಮೇಲೆ ಸೋಲೋ, ಮತ್ತೂ ಸೋಲೋ. ಚೆಂದವೇ. ಆದರೆ ನೆಲ 4ರ ಎಣಿಕೆಯದ್ದು, ತಿರುಗುವ ಸ್ವರಮೇಳದ ಮೇಲೆ ಒಬ್ಬನೇ ಏರುತ್ತಾ ಹೋಗುವ ಕ್ರಮ. ಒಂದು ಪದ್ಯವನ್ನು ಭಾಗವತರು ಎತ್ತಿ ಎತ್ತಿ ಹಾಡಿದ ಹಾಗೆ. ಇಡೀ ಪ್ರಸಂಗ ಆಡಿಸಿದ ಹಾಗಲ್ಲ.

ಆತನ ಸಂಗೀತದ ದೊಡ್ಡ ಪಾಲು ಹೀಗೆಯೇ. ಹತ್ತಿರದ ನೆಂಟರು ಫಂಕ್, ಮೆಟಲ್, ಮತ್ತೆ ನಿಶ್ಶಬ್ದಕ್ಕೆ ಒರಗಿದ ಮೆದು ಗಿಟಾರು. 1992ರ ಪ್ರಾಕ್ಸಿಸ್ ತಂಡದಲ್ಲಿ ಬೂಟ್ಸಿ ಕಾಲಿನ್ಸ್, ಬರ್ನಿ ವೊರೆಲ್ ಜತೆಗಿದ್ದರು. ಇಬ್ಬರೂ ಫಂಕ್‌ನ ಹಿರಿಯ ತಲೆಗಳು. ಅಲ್ಲಿಂದ ಎಳೆ ಹಿಡಿದರೆ ದಾರಿ ಪ್ರೋಗ್‌ಗೆ ಹೋಗುವುದಿಲ್ಲ. ಆದರೂ ಕದ ಪೂರ್ತಿ ಮುಚ್ಚಬೇಡಿ. 2011ರಿಂದ ‘ಪೈಕ್’ ಎಂಬ ಮಾಲಿಕೆಯಲ್ಲಿ ಒಂದೊಂದೂ ಸುಮಾರು ಅರ್ಧ ಗಂಟೆಯ ಆಲ್ಬಮ್‌ಗಳನ್ನು ಬಿಡುತ್ತಾ 300 ದಾಟಿಸಿದ್ದಾನೆ, 2015 ಒಂದರಲ್ಲೇ 100ಕ್ಕೂ ಹೆಚ್ಚು. ಅವುಗಳಲ್ಲಿ ಕೆಲವು ಉದ್ದದ ತುಂಡುಗಳು ಪ್ರೋಗ್‌ನ ಅಂಗಳಕ್ಕೆ ಕಾಲಿಡುತ್ತವೆ. ಆದ್ದರಿಂದ ಮನುಷ್ಯನಿಗೆ ಚೀಟಿ ಅಂಟಿಸಬೇಡಿ, ತುಂಡಿಗೆ ಅಂಟಿಸಿ.

ಭಾವನ ಎದುರು ಕೂತು ಪರೀಕ್ಷಿಸುವ ಕ್ರಮ ಹೇಳುತ್ತೇವೆ. ಒಂದು ಹಾಳೆ, ಒಂದು ಗಡಿಯಾರ. ಮೊದಲ ಸಲ ಕೇಳುವಾಗ ಲಯವೋ ಧಾಟಿಯೋ ಬದಲಾದ ನಿಮಿಷ, ಸೆಕೆಂಡು ಮಾತ್ರ ಬರೆಯಿರಿ. ಎರಡನೇ ಸಲ ಒಂದೊಂದು ಭಾಗಕ್ಕೂ ಕೈಯಲ್ಲಿ ತಾಳ ಹಾಕಿ ಆವರ್ತದ ಎಣಿಕೆ ಬರೆಯಿರಿ. ಮೂರನೇ ಸಲ, ಮೊದಲ ಎರಡು ನಿಮಿಷದ ಧಾಟಿ ಮುಂದೆ ಎಲ್ಲಾದರೂ ಬಣ್ಣ ಬದಲಿಸಿ ತಿರುಗಿ ಬಂತೇ ನೋಡಿ. ಹಾಳೆಯಲ್ಲಿ ನಾಲ್ಕೈದು ಭಾಗ, ಎರಡಾದರೂ ಬೇರೆ ಎಣಿಕೆ, ಒಂದು ಮರಳಿಕೆ ಇದ್ದರೆ ಪ್ರೋಗ್ ಎಂದು ವಾದಿಸಬಹುದು. ಸಾಮಾನ್ಯವಾಗಿ ತಪ್ಪುವುದು ಎರಡನೇ ಹೆಜ್ಜೆಯಲ್ಲಿ. ಸೋಲೋದ ವೇಗಕ್ಕೆ ತಾಳ ಹಾಕುತ್ತಾ ಹೋದರೆ ಎಣಿಕೆ ಬದಲಾಯಿತು ಎಂದೇ ಅನಿಸುತ್ತದೆ. ಗಿಟಾರನ್ನು ಬಿಟ್ಟು ಡ್ರಮ್ಮಿನ ಸ್ನೇರ್ ಪೆಟ್ಟು ಹಿಡಿಯಿರಿ.

ವೇಷ ಹಾಕಿದವರು ಪ್ರೋಗ್‌ನಲ್ಲಿ ಬೇರೆ ಯಾರೂ ಇಲ್ಲವೇ? — ಓದುಗರು, ಮಂಜೇಶ್ವರ

ಧಾರಾಳ. 1972ರಲ್ಲಿ ಜೆನೆಸಿಸ್‌ನ ಪೀಟರ್ ಗೇಬ್ರಿಯಲ್ ಕೆಂಪು ಫ್ರಾಕು ತೊಟ್ಟು ನರಿಯ ತಲೆ ಹಾಕಿಕೊಂಡು ರಂಗಕ್ಕೆ ಬಂದ. ಜತೆಯವರಿಗೂ ಮೊದಲೇ ಹೇಳಿರಲಿಲ್ಲ. ಯೆಸ್ ತಂಡದ ಕೀಬೋರ್ಡಿಗ ರಿಕ್ ವೇಕ್‌ಮನ್ ಮಿರುಗುವ ನಿಲುವಂಗಿಗೆ ಹೆಸರಾದವನು. ಆದರೆ ಒಂದು ವ್ಯತ್ಯಾಸವಿದೆ. ಗೇಬ್ರಿಯಲ್‌ನ ವೇಷ ಪಾತ್ರಕ್ಕೆ ತಕ್ಕಂತೆ ಚೌಕಿಗೆ ಹೋಗಿ ಬದಲಾಗಿ ಬರುವಂಥದ್ದು. ಬಕೆಟ್‌ಹೆಡ್‌ಗೆ ಯಾವ ಪ್ರಸಂಗಕ್ಕೂ ಒಂದೇ ಬಣ್ಣದ ವೇಷ. ಇನ್ನು ಪ್ರೋಗ್ ಗಿಟಾರಿನ ಹಿರಿಯ, ಕಿಂಗ್ ಕ್ರಿಮ್ಸನ್‌ನ ರಾಬರ್ಟ್ ಫ್ರಿಪ್, ವೇಷವೇ ಇಲ್ಲದೆ ಸ್ಟೂಲಿನ ಮೇಲೆ ಕೂತು ನುಡಿಸಿದವನು.

ಬಕೆಟ್‌ಹೆಡ್‌ನ ಗಿಟಾರಿನ ಮೇಲಿರುವ ಕೆಂಪು ಗುಂಡಿ ಒತ್ತಿದರೆ ನಾದ ತುಂಡು ತುಂಡಾಗುತ್ತದೆ. ನನ್ನ ಗಿಟಾರಿಗೂ ಕೂರಿಸಬಹುದೇ? — ಓದುಗರು, ಉಪ್ಪಳ

ಕೂರಿಸಬಹುದು. ಅದು ಕಿಲ್‌ಸ್ವಿಚ್. ಗಿಬ್ಸನ್ ಕಂಪೆನಿ ಆತನ ಹೆಸರಿನಲ್ಲಿ ಮಾಡಿದ ಬಿಳಿ ಲೆಸ್ ಪಾಲ್ ಮಾದರಿಯ ಗಿಟಾರಿನಲ್ಲಿ ಇಂಥವು ಎರಡಿವೆ, ವಿಡಿಯೋ ಗೇಮ್ ಯಂತ್ರದ ಗುಂಡಿಯ ಜಾತಿಯವು.

ತೂತು ಕೊರೆಯುವ ಮೊದಲು ಒಂದು ಮಾತು. ನಿಮ್ಮದು ಎರಡು ಪಿಕಪ್‌ಗೆ (ತಂತಿಯ ನಡುಕ ಹಿಡಿಯುವ ಭಾಗ) ಎರಡು ಬೇರೆ ವಾಲ್ಯೂಮ್ ಇರುವ ಗಿಟಾರಾದರೆ ಗುಂಡಿಯೇ ಬೇಡ. ಕುತ್ತಿಗೆ ಬದಿಯ ಪಿಕಪ್‌ನ ವಾಲ್ಯೂಮ್ ಸೊನ್ನೆಗೆ ಇಳಿಸಿ, ಬ್ರಿಡ್ಜ್ ಬದಿಯದ್ದನ್ನು ಪೂರ್ತಿ ಏರಿಸಿ, ಮೂರು ನಿಲುಗಡೆಯ ಸ್ವಿಚ್ ಅನ್ನು ಆಚೀಚೆ ಹೊಡೆಯಿರಿ. ಮಾಮೂಲಿ ವಯರಿಂಗ್ ಆಗಿದ್ದರೆ ನಡುವಿನ ನಿಲುಗಡೆಯಲ್ಲೂ ಸದ್ದಿರುವುದಿಲ್ಲ, ಸೊನ್ನೆಗಿಳಿದ ವಾಲ್ಯೂಮ್ ಎರಡನ್ನೂ ಅರ್ಥಿಂಗಿಗೆ ಎಳೆಯುತ್ತದೆ. ಒಂದೇ ವಾಲ್ಯೂಮಿನ ಸ್ಟ್ರಾಟ್ ಮಾದರಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಗುಂಡಿಯೇ ಗತಿ.

ಅಂಗಡಿಯಲ್ಲಿ ‘ಮೊಮೆಂಟರಿ, ನಾರ್ಮಲಿ ಓಪನ್’ ಎಂದು ಕೇಳಿ. ಒತ್ತಿದಾಗ ಮಾತ್ರ ಸೇರಿ, ಬಿಟ್ಟೊಡನೆ ಬೇರಾಗುವಂಥದ್ದು. ಒಮ್ಮೆ ಒತ್ತಿದರೆ ಒಳಗೇ ಕಚ್ಚಿಕೊಳ್ಳುವುದು ಬೇಡ. ಗೇಮ್ ಯಂತ್ರದ ಗುಂಡಿಗಳು 24 ಮತ್ತು 30 ಮಿಲಿಮೀಟರ್ ತೂತಿಗೆ ಬರುತ್ತವೆ. 12 ಮಿಲಿಮೀಟರಿನ ಚಿಕ್ಕ ಗುಂಡಿ ನಿಮ್ಮ ಕೆಲಸಕ್ಕೆ ಸಾಕು. ಗುಂಡಿಯ ಬಾಲದ ಉದ್ದವನ್ನೂ ಗಿಟಾರಿನ ಹೊಟ್ಟೆಯ ಆಳವನ್ನೂ ಅಳೆದು ನೋಡಿಯೇ ಕೊಳ್ಳಿ. ಹೆಚ್ಚಿನವರು ಸೋಲುವುದು ಇಲ್ಲಿ, ತೂತು ಕೊರೆದ ಮೇಲೆ ಗುಂಡಿ ಇಳಿಯುವುದಿಲ್ಲ.

ಪಿಕ್‌ಗಾರ್ಡ್ ಬಿಚ್ಚಿ, ಕೊರೆಯುವಲ್ಲಿ ಕಾಗದದ ಟೇಪು ಅಂಟಿಸಿ, 3 ಮಿಲಿಮೀಟರಿನಲ್ಲಿ ಶುರು ಮಾಡಿ ಮೆಲ್ಲಗೆ ದೊಡ್ಡದು ಮಾಡಿ. ಗುಂಡಿಯ ಒಂದು ಕಾಲಿಂದ ವಯರು ಔಟ್‌ಪುಟ್ ಜ್ಯಾಕ್‌ನ ಸಿಗ್ನಲ್ ಕಾಲಿಗೆ, ಇನ್ನೊಂದರಿಂದ ಜ್ಯಾಕ್‌ನ ಅರ್ಥಿಂಗ್ ಕಾಲಿಗೆ. ಇದ್ದ ವಯರು ಯಾವುದನ್ನೂ ಕತ್ತರಿಸಬೇಡಿ. ಗುಂಡಿಯಲ್ಲಿ ಮೂರು ಕಾಲಿದ್ದರೆ ‘ಕಾಮನ್’ ಮತ್ತು ‘ನಾರ್ಮಲಿ ಓಪನ್’ ಎರಡನ್ನು ಮಾತ್ರ ಬಳಸಿ. ಸಿಗ್ನಲ್ ವಯರನ್ನೇ ಕತ್ತರಿಸಿ ನಡುವೆ ಗುಂಡಿ ಇಟ್ಟರೂ ಗಿಟಾರಿನ ನಾದ ನಿಲ್ಲುತ್ತದೆ, ಆದರೆ ಆಗ ಆಂಪ್ಲಿಫಯರಿನ ಬಾಯಿ ತೆರೆದೇ ಇದ್ದು ‘ಹುಂ’ ಎಂದು ಗುನುಗುತ್ತದೆ. ಅರ್ಥಿಂಗಿಗೆ ಸೇರಿಸಿದರೆ ನಿಜವಾದ ಮೌನ.

ಪರೀಕ್ಷೆ ಸುಲಭ. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್‌ನ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. ಗುಂಡಿ ಬಿಟ್ಟಾಗ ಕೆಲವು ಕಿಲೋ ಓಮ್, ಒತ್ತಿದಾಗ ಸೊನ್ನೆಯ ಹತ್ತಿರ. ಒತ್ತದೆಯೇ ಸೊನ್ನೆ ತೋರಿಸಿದರೆ ಕಾಲು ತಪ್ಪಿದೆ, ಇಲ್ಲವೇ ಬೆಸುಗೆ ಹರಡಿ ಎರಡೂ ಕಾಲು ಕೂಡಿದೆ. ಕಡಲ ಬದಿಯ ಉಪ್ಪುಗಾಳಿಗೆ, ಅದರಲ್ಲೂ ಆಟಿಯ ಮಳೆಗೆ, ಗುಂಡಿಯ ಒಳಗಿನ ತಗಡು ಕ್ಲಾವು ಹಿಡಿದು ಕರಕರ ಎನ್ನತೊಡಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಹೊಡೆದು ಇಪ್ಪತ್ತು ಸಲ ಒತ್ತಿದರೆ ಸರಿಹೋಗುತ್ತದೆ. ತೆಂಗಿನೆಣ್ಣೆ ದಯವಿಟ್ಟು ಬೇಡ.

ನುಡಿಸುವಾಗ ಎಡಗೈ ಸ್ವರ ಹಿಡಿದಿರಬೇಕು, ಡಿಸ್ಟಾರ್ಷನ್ ಇರಬೇಕು. ಇಲ್ಲದಿದ್ದರೆ ನಾಲ್ಕು ಒತ್ತಿನೊಳಗೆ ನಾದವೇ ಸತ್ತಿರುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಲಯದಲ್ಲಿ ಪೆಟ್ಟಿಗೆ ನಾಲ್ಕು ತುಂಡೆಂದರೆ ಸೆಕೆಂಡಿಗೆ 8 ಒತ್ತು. ಒಂದೇ ಬೆರಳಿಗೆ ಕಷ್ಟ. ತೋರುಬೆರಳು, ನಡುಬೆರಳು ಸರದಿಯಲ್ಲಿ ಬರಲಿ, ಚೆಂಡೆಯ ಉರುಳಿಕೆಗೆ ಎರಡು ಕೋಲು ಬಂದಂತೆ. 60ರ ಲಯದಿಂದ ಶುರು ಮಾಡಿ.

ಚೆಂಡೆ ಕಲಿಯುತ್ತಿದ್ದೇನೆ, ಏಳರ ಎಣಿಕೆಯ ತ್ರಿವುಡೆ ತಾಳ ಗೊತ್ತು. ಪ್ರೋಗ್‌ನವರ ಏಳು ಅದೇ ಏಳೇ? — ಓದುಗರು, ನೀರ್ಚಾಲು

ಎಣಿಕೆ ಅದೇ, ತೂಕ ಬೇರೆ. ತ್ರಿವುಡೆಯಲ್ಲಿ ಕೈ 3, 2, 2 ಎಂದು ಕೂರುತ್ತದೆ. ಅವರಲ್ಲಿ ತೂಕ ಎಲ್ಲಿ ಬೀಳಬೇಕೆಂದು ಆಯಾ ತುಂಡಿನ ರಿಫ್ (ತಿರುಗಿ ತಿರುಗಿ ಬರುವ ಚಿಕ್ಕ ಧಾಟಿ) ಹೇಳುತ್ತದೆ, ಆದ್ದರಿಂದ ನಿಮ್ಮ 3, 2, 2 ಅನ್ನು ಮೊದಲೇ ಹೇರಬೇಡಿ. ಬರೇ ಒಂದರಿಂದ ಏಳು ಎಣಿಸಿ, ಸಮ, ಅಂದರೆ ಆವರ್ತದ ಮೊದಲ ಪೆಟ್ಟು, ಸಿಕ್ಕಿದ ಮೇಲೆ ಒಳಗಿನ ಪಾಲು ನೋಡಿ.

ಮೆಟ್ರೋನೋಮ್ 4ಕ್ಕೊಮ್ಮೆ ಟಿಣ್ ಎನ್ನುವಂಥದ್ದಾದರೂ ಅದರಿಂದ ಲಾಭವಿದೆ. ಟಿಣ್ ಮತ್ತು ನಿಮ್ಮ ಸಮ ಒಮ್ಮೆ ಕೂಡಿದರೆ ಮತ್ತೆ ಕೂಡುವುದು 28 ಪೆಟ್ಟು ಕಳೆದ ಮೇಲೆ, ಅಂದರೆ ನಿಮ್ಮ ನಾಲ್ಕು ಆವರ್ತಕ್ಕೆ. ಅದಕ್ಕಿಂತ ಮೊದಲೇ ಕೂಡಿದರೆ ನೀವು ಎಲ್ಲೋ ಎಣಿಕೆ ತಪ್ಪಿದ್ದೀರಿ.

ಕಿವಿಗೆ ಹಿಡಿಸಲು ಪಿಂಕ್ ಫ್ಲಾಯ್ಡ್‌ನ ‘ಮನಿ’ (1973) ಸಾಕು. ಹಾಡು 7ರಲ್ಲಿ ನಡೆಯುತ್ತದೆ. ಸ್ಯಾಕ್ಸೊಫೋನ್ ಮುಗಿದು ಗಿಟಾರ್ ಸೋಲೋ ಶುರುವಾಗುವಲ್ಲಿ ತಾಳ ಸದ್ದಿಲ್ಲದೆ 4ಕ್ಕೆ ಜಾರುತ್ತದೆ. ಅಲ್ಲಿ ಏಳನ್ನೇ ಹಿಡಿದು ಹೊರಟರೆ ಸಮ ಸಿಗುವುದಿಲ್ಲ; ಸೋಲೋ ಮುಗಿಯುವವರೆಗೆ ನಾಲ್ಕು ಹಾಕಿ, ರಿಫ್ ತಿರುಗಿ ಬಂದಾಗ ಮತ್ತೆ ಏಳಕ್ಕೆ ಬನ್ನಿ.