ಎಲ್ಕ್ ಬೇಟೆಗೆ ಯಾವ ಬೋಲ್ಟ್ ರೈಫಲ್? ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ಓದುಗರು ಬೋಲ್ಟ್ ರೈಫಲ್ (ಪ್ರತಿ ಈಡಿಗೂ ಹಿಂಬದಿಯ ಬೋಲ್ಟನ್ನು ಕೈಯಿಂದ ಎಳೆದು ತೋಟಾ ತುಂಬುವ ಬೇಟೆ ರೈಫಲ್) ಬಗ್ಗೆ ಕಳಿಸಿದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಲ್ಲಿ ಬರುವ .22, .308, 6.5 ಕ್ರೀಡ್‌ಮೂರ್ ಮುಂತಾದವು ತೋಟಾದ ಬಗೆಗಳ ಹೆಸರುಗಳು. ಅಲ್ಲಿ ಪರವಾನಗಿ ಪಡೆದು ಬೇಟೆಯಾಡಲು ಕಾನೂನಿನ ಅವಕಾಶವಿದೆ. ನಮ್ಮ ದೇಶದ ಕಾನೂನು ಬೇರೆ. ಕೊಡಗಿನಿಂದ ಬಂದ ಪ್ರಶ್ನೆಗೆ ಉತ್ತರಿಸುವಾಗ ಅದನ್ನು ಹೇಳಿದ್ದೇವೆ.

ಪ್ರಶ್ನೆ: ಸಹೋದ್ಯೋಗಿಗಳ ಜೊತೆ ಈ ವರ್ಷ ಕೊಲೊರಾಡೊ ಬೆಟ್ಟಗಳಿಗೆ ಎಲ್ಕ್ ಬೇಟೆಗೆ ಹೊರಟಿದ್ದೇನೆ. 400 ಗಜದ ಈಡು ಸಿಗಬಹುದು ಎನ್ನುತ್ತಾರೆ. ಅಂಗಡಿಯವರು .300 ವಿಂಚೆಸ್ಟರ್ ಮ್ಯಾಗ್ನಮ್ ತೆಗೆದುಕೊಳ್ಳಿ ಎಂದರು. ನಾನು ಇದುವರೆಗೆ .22 ಬಿಟ್ಟು ಬೇರೆ ಹಾರಿಸಿಲ್ಲ. — ಓದುಗರು, ಡೆನ್ವರ್

ಬೇಡ. .22ರಿಂದ ನೇರವಾಗಿ .300 ಮ್ಯಾಗ್ನಮ್‌ಗೆ ಹೋದವರಿಗೆ ಈಡಿನ ಮುಂಚೆಯೇ ಕಣ್ಣು ಮುಚ್ಚುವ, ಭುಜ ಹಿಂದೆಳೆಯುವ ಅಭ್ಯಾಸ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದ ಮೇಲೆ ಬಿಡಿಸುವುದು ಬಹಳ ಕಷ್ಟ. ಸ್ಕೋಪ್ ಸೇರಿ 8 ಪೌಂಡ್ ತೂಗುವ ರೈಫಲ್‌ನಲ್ಲಿ 6.5 ಕ್ರೀಡ್‌ಮೂರ್‌ನ ಒದೆತ (ಈಡಾದಾಗ ಭುಜಕ್ಕೆ ಬೀಳುವ ಏಟು) ಸುಮಾರು 12 ಅಡಿ-ಪೌಂಡ್ (ಶಕ್ತಿಯ ಅಳತೆ). .308 ವಿಂಚೆಸ್ಟರ್‌ನದು 17-18, .30-06 ಮತ್ತು 7 ಮಿ.ಮೀ. ರೆಮಿಂಗ್ಟನ್ ಮ್ಯಾಗ್ನಮ್‌ಗಳದು 20ರ ಆಸುಪಾಸು. .300 ಮ್ಯಾಗ್ನಮ್ 26 ದಾಟುತ್ತದೆ. 20ರವರೆಗಿನ ಒದೆತವನ್ನು ಹೆಚ್ಚಿನವರು ಅಭ್ಯಾಸದಿಂದ ಪಳಗಿಸಿಕೊಳ್ಳುತ್ತಾರೆ. ಅದರಾಚೆಗೆ, ದಿನಕ್ಕೆ ಹತ್ತು ಈಡು ಹಾರಿಸುವಷ್ಟರಲ್ಲಿ ಭುಜ ಸೋಲುತ್ತದೆ, ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಪ್ರಾಣಿಯ ಕಡೆಯಿಂದ ನೋಡೋಣ. ಎಲ್ಕ್ ನಮ್ಮ ಕಡವೆಯ ಬಳಗದ್ದು. ಬೆಳೆದ ಗಂಡು 300 ಕೆ.ಜಿ. ಮೀರುತ್ತದೆ. ಕೊಲೊರಾಡೊ ಕಾನೂನಿನ ಪ್ರಕಾರ ಎಲ್ಕ್‌ಗೆ ಬಳಸುವ ರೈಫಲ್ ಕನಿಷ್ಠ .24 ಕ್ಯಾಲಿಬರ್ (ನಳಿಗೆಯ ಒಳವ್ಯಾಸ, ಇಂಚಿನಲ್ಲಿ) ಇರಬೇಕು, ನಳಿಗೆ 16 ಇಂಚಿಗೆ ಕಡಿಮೆ ಇರಬಾರದು, ಗುಂಡು ತಾಗಿದಾಗ ಅರಳುವ ಜಾತಿಯದಾಗಿ 85 ಗ್ರೇನ್‌ಗೆ (ಗುಂಡಿನ ತೂಕದ ಅಳತೆ) ಕಡಿಮೆ ತೂಗಬಾರದು, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಇದು ಕಾನೂನಿನ ಕನಿಷ್ಠ ಮಿತಿ ಮಾತ್ರ. ಅನುಭವಿ ಬೇಟೆಗಾರರು ಎಲ್ಕ್‌ಗೆ ಗುಂಡು ತಾಗುವ ಜಾಗದಲ್ಲಿ 1500 ಅಡಿ-ಪೌಂಡ್ ಬೇಕು ಎಂಬ ಲೆಕ್ಕ ಇಟ್ಟುಕೊಳ್ಳುತ್ತಾರೆ. 143 ಗ್ರೇನ್ ಗುಂಡಿನ 6.5 ಕ್ರೀಡ್‌ಮೂರ್ ಸೆಕೆಂಡಿಗೆ 2700 ಅಡಿ ವೇಗದಲ್ಲಿ ಹೊರಟು 400 ಗಜಕ್ಕೆ ಬರುವಾಗ ಈ ಗಡಿಗೆ ಇಳಿದಿರುತ್ತದೆ. 500 ಗಜದಲ್ಲಿ 1300ರ ಸುಮಾರು. .30-06 ಅಥವಾ 7 ಮಿ.ಮೀ. ರೆಮಿಂಗ್ಟನ್ ಮ್ಯಾಗ್ನಮ್‌ಗೆ 400 ಗಜದಲ್ಲೂ ಸಾಕಷ್ಟು ಶಕ್ತಿ ಉಳಿದಿರುತ್ತದೆ.

ಶಕ್ತಿಯಷ್ಟೇ ಮುಖ್ಯವಾದದ್ದು ಗುಂಡು ತಾಗುವಾಗಿನ ವೇಗ. ಸೀಸದ ತಿರುಳಿನ ಬೇಟೆ ಗುಂಡು ಚೆನ್ನಾಗಿ ಅರಳಲು ಸಾಮಾನ್ಯವಾಗಿ ಸೆಕೆಂಡಿಗೆ 1800 ಅಡಿ ವೇಗ ಬೇಕು. ಪೂರ್ತಿ ತಾಮ್ರದ ಗುಂಡಿಗೆ 2000 ಎಂದು ಇಟ್ಟುಕೊಳ್ಳಿ. ವೇಗ ಅದಕ್ಕಿಂತ ಇಳಿದರೆ ಗುಂಡು ಪೆನ್ಸಿಲ್ ಗಾತ್ರದ ತೂತು ಕೊರೆದು ಆಚೆ ಹೋಗುತ್ತದೆ. ಪ್ರಾಣಿ ಮೈಲಿಗಟ್ಟಲೆ ಓಡಿ, ಯಾರಿಗೂ ಸಿಗದೆ, ನರಳಿ ಸಾಯುತ್ತದೆ. ಆದ್ದರಿಂದ ತೋಟಾ ಪೆಟ್ಟಿಗೆಯ ಮೇಲಿನ ಕೋಷ್ಟಕದಲ್ಲಿ ಕೆಳಮಿತಿಯ ವೇಗ ಯಾವ ಗಜಕ್ಕೆ ಬರುತ್ತದೆ ಎಂದು ಮೊದಲು ನೋಡಿ. ಆ ಗುಂಡಿನ ಓಟ ಅಷ್ಟೇ.

ನಮ್ಮ ಸಲಹೆ: 22 ಇಂಚು ನಳಿಗೆಯ .30-06, 165ರಿಂದ 180 ಗ್ರೇನ್ ಗುಂಡು. ಒದೆತ ಹೆಚ್ಚೆನಿಸಿದರೆ .308 ತೆಗೆದುಕೊಂಡು 300 ಗಜಕ್ಕೆ ನಿಲ್ಲಿ. ಮುಂದಿನ ವರ್ಷಗಳಲ್ಲಿ 7 ಮಿ.ಮೀ. ಮ್ಯಾಗ್ನಮ್ ಅಥವಾ 2022ರಲ್ಲಿ ಬಂದ 7 ಮಿ.ಮೀ. ಪಿಆರ್‌ಸಿ ಯೋಚಿಸಬಹುದು.

ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ. 9 ಇಂಚಿನ ಕಾಗದದ ತಟ್ಟೆ ಕಟ್ಟಿ, ರೇಂಜಿನ ಮೇಜು ಬಿಟ್ಟು, ನೆಲದಲ್ಲಿ ಕುಳಿತು, ಬ್ಯಾಗಿನ ಮೇಲೆ ನಳಿಗೆಯ ಕೆಳಭಾಗದ ಕಟ್ಟಿಗೆ ಇಟ್ಟು ಹಾರಿಸಿ. ಐದಕ್ಕೆ ಐದೂ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ಬೇಟೆಯ ದೂರ. ಅದು 220 ಗಜ ಎಂದು ಗೊತ್ತಾದರೆ 220ಕ್ಕೇ ನಿಲ್ಲಬೇಕು. 400ರಲ್ಲಿ ಕಂಡ ಎಲ್ಕ್‌ನ ಹತ್ತಿರಕ್ಕೆ ನಡೆಯಬೇಕು, ಇಲ್ಲವೇ ಬಿಟ್ಟುಬಿಡಬೇಕು.

ಪ್ರಶ್ನೆ: ರೆಮಿಂಗ್ಟನ್ 700, ವಿಂಚೆಸ್ಟರ್ 70, ಟಿಕ್ಕಾ ಟಿ3ಎಕ್ಸ್ ಮೂರರಲ್ಲಿ ಯಾವುದು? ಹಳೆಯ ರೈಫಲ್ ಕೊಳ್ಳುವುದಾದರೆ ಏನು ನೋಡಬೇಕು? — ಓದುಗರು, ಸಾಲ್ಟ್ ಲೇಕ್ ಸಿಟಿ

ಮೂರೂ ಬೇಟೆಗೆ ಬೇಕಾದಷ್ಟು ನಿಖರ. ವ್ಯತ್ಯಾಸ ಇರುವುದು ಬೋಲ್ಟ್ ತೋಟಾವನ್ನು ಹಿಡಿಯುವ ರೀತಿಯಲ್ಲಿ. 1898ರ ಮೌಸರ್ ವಿನ್ಯಾಸದಲ್ಲಿ ಬೋಲ್ಟ್ ಪಕ್ಕದ ಉದ್ದನೆಯ ಕೊಕ್ಕೆ, ತೋಟಾ ಮ್ಯಾಗಜಿನ್‌ನಿಂದ ಮೇಲೇಳುತ್ತಿದ್ದಂತೆಯೇ ಅದರ ಅಂಚನ್ನು ಕಚ್ಚುತ್ತದೆ. ವಿಂಚೆಸ್ಟರ್ 70ರ 1964ಕ್ಕಿಂತ ಹಿಂದಿನ ರೈಫಲ್‌ಗಳು ಮತ್ತು ಈಗಿನವು ಈ ದಾರಿಯವು. ರೆಮಿಂಗ್ಟನ್ 700 ಮತ್ತು ಟಿಕ್ಕಾದಲ್ಲಿ ಬೋಲ್ಟ್ ತೋಟಾವನ್ನು ಬರೀ ಮುಂದಕ್ಕೆ ತಳ್ಳುತ್ತದೆ. ಪೂರ್ತಿ ಮುಚ್ಚುವಾಗ ಮಾತ್ರ ಕೊಕ್ಕೆ ಹಿಡಿಯುತ್ತದೆ. ಗಾಬರಿಯಲ್ಲಿ ಬೋಲ್ಟ್ ಅರ್ಧ ಮುಚ್ಚಿ ಮತ್ತೆ ಹಿಂದಕ್ಕೆಳೆದರೆ ಮೊದಲ ತೋಟಾ ಒಳಗೇ ಉಳಿದು, ಎರಡನೆಯದು ಅದರ ಹಿಂಬದಿಗೆ ಗುದ್ದಿ ಸಿಕ್ಕಿಕೊಳ್ಳುತ್ತದೆ. ಹೊಸಬರಿಗೆ ಇದು ಆಗಿಯೇ ಆಗುತ್ತದೆ. ಮಧ್ಯೆ ನಿಲ್ಲಿಸದೆ ಹಿಂದಿನ ಕೊನೆಯವರೆಗೆ, ಮುಂದಿನ ಕೊನೆಯವರೆಗೆ ಬೋಲ್ಟ್ ಎಳೆಯುವ ಅಭ್ಯಾಸ ಮಾಡಿದರೆ ಎರಡೂ ಬಗೆ ಕೈಕೊಡುವುದಿಲ್ಲ. ಟಿಕ್ಕಾ ಬೋಲ್ಟ್ 70 ಡಿಗ್ರಿ ಎತ್ತಿದರೆ ತೆರೆಯುತ್ತದೆ, 700ಕ್ಕೆ 90 ಬೇಕು. ದಪ್ಪ ಸ್ಕೋಪ್ ಹಾಕಿದಾಗ ಬೆರಳಿಗೆ ಜಾಗ ಇರುವುದು ಟಿಕ್ಕಾದಲ್ಲಿ. ಹೊಸಬರಿಗೆ ನಾವು ಟಿಕ್ಕಾವನ್ನೇ ಹೇಳುತ್ತೇವೆ.

ಹಳೆಯದನ್ನು ನೋಡುವಾಗ ಬೋಲ್ಟ್ ಹೊರತೆಗೆದು ನಳಿಗೆಯನ್ನು ಹಿಂದಿನಿಂದ ಬೆಳಕಿಗೆ ಹಿಡಿಯಿರಿ. ಸುರುಳಿ ಗೆರೆಗಳು ಆರಂಭವಾಗುವ ಜಾಗ ಸುಟ್ಟ ಕೆಸರಿನಂತೆ ಬಿರುಕುಬಿಟ್ಟಿದ್ದರೆ ನಳಿಗೆ ಸವೆದಿದೆ. ಮ್ಯಾಗ್ನಮ್‌ಗಳಲ್ಲಿ ಇದು ಬೇಗ ಬರುತ್ತದೆ. ನಳಿಗೆಯ ಬಾಯಂಚಿನ ಸುತ್ತ ಬೆರಳುಗುರು ಆಡಿಸಿ. ಅಲ್ಲಿ ಒಂದು ಸಣ್ಣ ತಗ್ಗಿದ್ದರೂ ಗುಂಡು ಹೊರಬರುವಾಗ ಅದರ ಹಿಂದಿನ ಮದ್ದಿನ ಅನಿಲ ಒಂದು ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓಲಾಡಿಸುತ್ತದೆ. ಬಾಯಂಚು ಹಾಳಾಗಿದ್ದರೆ ಗನ್‌ಸ್ಮಿತ್ ಹೊಸದಾಗಿ ಕಡೆದುಕೊಡುತ್ತಾರೆ. ಸುರುಳಿ ಆರಂಭವೇ ಸುಟ್ಟಿದ್ದರೆ ನಳಿಗೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ನಾಲ್ಕು ಡಮ್ಮಿ (ಮದ್ದಿಲ್ಲದ) ತೋಟಾ ತುಂಬಿ ಒಮ್ಮೆ ನಿಧಾನವಾಗಿ, ಒಮ್ಮೆ ರಭಸದಿಂದ ಬೋಲ್ಟ್ ಆಡಿಸಿ ನೋಡಿ. ರೆಮಿಂಗ್ಟನ್ 700 ಆಗಿದ್ದರೆ ಕ್ರಮಸಂಖ್ಯೆ ಪರೀಕ್ಷಿಸಿ: 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್‌ನೊಂದಿಗೆ ತಯಾರಾದವನ್ನು ಕಂಪನಿ 2014ರಲ್ಲಿ ವಾಪಸು ಕರೆದಿತ್ತು, ಟ್ರಿಗರ್ ಒತ್ತದೆಯೇ ಈಡಾಗುವ ಅಪಾಯವಿದ್ದ ಕಾರಣಕ್ಕೆ. ಸರಿಪಡಿಸಿದ ದಾಖಲೆ ಇಲ್ಲದೆ ಕೊಳ್ಳಬೇಡಿ.

ಪ್ರಶ್ನೆ: ಎಚ್-1ಬಿ ವೀಸಾದಲ್ಲಿದ್ದೇನೆ. ರೈಫಲ್ ಕೊಳ್ಳಬಹುದೇ? — ಓದುಗರು, ಬೋಲ್ಡರ್

ಎಚ್-1ಬಿ (ಉದ್ಯೋಗ), ಎಫ್-1 (ವಿದ್ಯಾರ್ಥಿ), ಎಚ್-4 (ಅವಲಂಬಿತರು) ಸೇರಿ ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅದರಲ್ಲಿರುವ ಮುಖ್ಯ ವಿನಾಯಿತಿ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಹಾಗಾಗಿ ಮೊದಲು ಬೇಟೆ ಶಿಕ್ಷಣ ಕೋರ್ಸ್ (ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ನಂತರ ಹುಟ್ಟಿದವರಿಗೆ ಕಡ್ಡಾಯ), ಆಮೇಲೆ ಪರವಾನಗಿ, ಆಮೇಲೆ ಅಂಗಡಿ. ಕೊಳ್ಳುವಾಗ ಅಂಗಡಿಯಲ್ಲಿ ತುಂಬುವ 4473 ನಮೂನೆಯಲ್ಲಿ ವೀಸಾ ಸ್ಥಿತಿ ಮುಚ್ಚಿಟ್ಟರೆ ಅದೇ ಅಪರಾಧ. 2023ರ ಅಕ್ಟೋಬರ್‌ನಿಂದ ಕೊಲೊರಾಡೊದಲ್ಲಿ ಕೊಂಡ ಮೇಲೆ ಕೈಗೆ ಸಿಗಲು ಮೂರು ದಿನ ಕಾಯಬೇಕು.

ಬಹಳ ಜನ ಮರೆಯುವುದು ಇದನ್ನು: ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು, ರೈಫಲ್ ಮನೆಯಲ್ಲೇ ಇದ್ದರೂ. ಬೇಟೆಗೆ ಹೋಗದ ವರ್ಷವೂ ನವೀಕರಿಸಿ. ಮನೆಯವರು ಎಚ್-4ರಲ್ಲಿದ್ದು ಅವರ ಹೆಸರಲ್ಲಿ ಪರವಾನಗಿ ಇಲ್ಲದಿದ್ದರೆ ರೈಫಲ್ ಪೆಟ್ಟಿಗೆಯ ಕೀಲಿ ನಿಮ್ಮ ಹತ್ತಿರವೇ ಇರಲಿ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧವಿಲ್ಲ. ವೀಸಾ ವಿಷಯದಲ್ಲಿ ಸ್ವಲ್ಪ ಅನುಮಾನವಿದ್ದರೂ ಕೊಳ್ಳುವ ಮುಂಚೆ ವಕೀಲರನ್ನು ಕೇಳಿ.

ಪ್ರಶ್ನೆ: ಹೊಸ ರೈಫಲ್‌ನಲ್ಲಿ ಮೊದಲ ಎರಡು ಈಡು ಒಂದರ ಪಕ್ಕ ಒಂದು ಬೀಳುತ್ತವೆ, ಮೂರನೆಯದು ಯಾವಾಗಲೂ ಮೇಲೆ ಬಲಕ್ಕೆ 3 ಇಂಚು ಹೋಗುತ್ತದೆ. ತೋಟಾ ಬದಲಿಸಲೇ? — ಓದುಗರು, ಬಾಯ್ಸಿ

ಈಗಲೇ ಬೇಡ. ಯಾವಾಗಲೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ನಳಿಗೆ ಬಿಸಿಯಾಗಿ ಎಲ್ಲೋ ಕಟ್ಟಿಗೆಗೆ (ಸ್ಟಾಕ್‌ಗೆ) ತಾಗುತ್ತಿದೆ ಎಂದರ್ಥ. ಒಂದು ಡಾಲರ್ ನೋಟನ್ನು ನಳಿಗೆ ಮತ್ತು ಕಟ್ಟಿಗೆಯ ನಡುವೆ ತೂರಿಸಿ ಬೋಲ್ಟ್‌ಕಡೆಗೆ ಎಳೆಯಿರಿ. ನೋಟು ತಡೆದ ಜಾಗದಲ್ಲಿ ಕಟ್ಟಿಗೆಯನ್ನು ಮರಳು ಕಾಗದದಿಂದ ಉಜ್ಜಿ ಸಡಿಲಿಸಬೇಕು. ಅಗ್ಗದ ಪ್ಲಾಸ್ಟಿಕ್ ಸ್ಟಾಕ್‌ಗಳಲ್ಲಿ ನೋಟು ಸಲೀಸಾಗಿ ಹೋದರೂ, ಬೈಪಾಡ್ (ಮುಂಭಾಗದ ಎರಡು ಕಾಲಿನ ಆಸರೆ) ಮೇಲೆ ಭಾರ ಬಿದ್ದಾಗ ಮುಂಭಾಗ ಬಾಗಿ ತಾಗುತ್ತದೆ. ಬೈಪಾಡ್ ಮೇಲೆ ಒತ್ತಿ ಹಿಡಿದೇ ಇನ್ನೊಮ್ಮೆ ನೋಟು ಎಳೆದು ನೋಡಿ.

ಅಲ್ಲಿ ಏನೂ ಸಿಗದಿದ್ದರೆ ಸ್ಕ್ರೂಗಳು. ಬಿಗಿತ ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದೆ ಅಂದಾಜಿನಲ್ಲಿ ಬಿಗಿಯಬೇಡಿ. ಸ್ಕೋಪ್ ರಿಂಗಿನ ಮೇಲ್ಭಾಗದ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್ ಸಾಕು. ಅತಿಯಾಗಿ ಬಿಗಿದರೆ ಸ್ಕೋಪ್ ಕೊಳವೆ ನಜ್ಜಾಗಿ ಒಳಗಿನ ಹೊಂದಾಣಿಕೆ ಸಿಕ್ಕಿಕೊಳ್ಳುತ್ತದೆ. ಆಕ್ಷನ್ ಸ್ಕ್ರೂಗಳಿಗೆ (ರೈಫಲ್‌ನ ಲೋಹದ ಭಾಗವನ್ನು ಸ್ಟಾಕ್‌ಗೆ ಕಟ್ಟುವವು) ಅಲ್ಯೂಮಿನಿಯಂ ಆಸರೆಯಿರುವ ಸ್ಟಾಕ್‌ನಲ್ಲಿ 65ರವರೆಗೆ ಹೋಗುತ್ತಾರೆ. ಬರೀ ಮರ ಅಥವಾ ಪ್ಲಾಸ್ಟಿಕ್ ಆದರೆ ಅಷ್ಟು ಬಿಗಿ ಅದನ್ನು ಹಿಸುಕಿಬಿಡುತ್ತದೆ, ರೈಫಲ್ ಕೈಪಿಡಿಯ ಅಂಕಿಯನ್ನೇ ಪಾಲಿಸಿ.

ಎರಡೂ ಸರಿಯಿದ್ದು ಮೂರನೆಯದು ಇನ್ನೂ ಸರಿಯುತ್ತಿದ್ದರೆ ತೆಳು ನಳಿಗೆಯ ಸ್ವಭಾವ ಅದು. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣನೆಯ ನಳಿಗೆಯ ಮೊದಲ ಈಡು. ಬೇರೆ ಬೇರೆ ದಿನ ಒಂದೊಂದೇ ಮೊದಲ ಈಡನ್ನು ಒಂದೇ ಗುರಿಹಾಳೆಗೆ ಹಾರಿಸಿ, ಆ ಹಾಳೆ ಇಟ್ಟುಕೊಳ್ಳಿ. ಅದರ ಮೇಲಿನ ಐದಾರು ತೂತುಗಳ ಹರವು ನಿಮ್ಮ ರೈಫಲ್‌ನ ನಿಜವಾದ ನಿಖರತೆ.

ಪ್ರಶ್ನೆ: ಹ್ಯೂಸ್ಟನ್‌ನಲ್ಲಿ 200 ಗಜಕ್ಕೆ ಗುರಿ ಹೊಂದಿಸಿದ್ದೇನೆ. 10,000 ಅಡಿ ಎತ್ತರದಲ್ಲಿ, ಇಳಿಜಾರಿನಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ? — ಓದುಗರು, ಟೆಕ್ಸಸ್

ಎತ್ತರದಲ್ಲಿ ಗಾಳಿ ತೆಳು, ಗುಂಡಿಗೆ ತಡೆ ಕಡಿಮೆ. 200 ಗಜಕ್ಕೆ ಗೊತ್ತಾಗುವುದೇ ಇಲ್ಲ. 400ರಲ್ಲಿ ಎರಡು ಮೂರು ಇಂಚು ಮೇಲೆ ಬೀಳುತ್ತದೆ. ಇಳಿಜಾರಿಗೆ ಅಡ್ಡದೂರದ ಲೆಕ್ಕ ಹಿಡಿಯಿರಿ: 30 ಡಿಗ್ರಿ ಇಳಿಜಾರಿನಲ್ಲಿ 400 ಗಜ ಎಂದರೆ 346 ಗಜಕ್ಕೆ ಹೊಡೆದಂತೆ. ಮೇಲಕ್ಕಾದರೂ ಕೆಳಕ್ಕಾದರೂ ಒಂದೇ, ಎರಡರಲ್ಲೂ ಗುಂಡು ಎಣಿಸಿದ್ದಕ್ಕಿಂತ ಮೇಲೆ ಬೀಳುತ್ತದೆ. ಕೋನ ಅಳೆಯುವ ರೇಂಜ್‌ಫೈಂಡರ್ ಈ ದೂರವನ್ನು ತಾನೇ ತೋರಿಸುತ್ತದೆ.

ನೀವು ಹೆದರಬೇಕಾದ್ದು ಗಾಳಿಗೆ. ನೇರ ಅಡ್ಡ ಬೀಸುವ ಗಂಟೆಗೆ 10 ಮೈಲಿ ಗಾಳಿ, ಉದ್ದನೆಯ ಚೂಪು ಗುಂಡಿನ 6.5 ಕ್ರೀಡ್‌ಮೂರ್‌ನಂಥದನ್ನೂ 400 ಗಜದಲ್ಲಿ 9 ಇಂಚು, 500ರಲ್ಲಿ 14 ಇಂಚಿಗೂ ಹೆಚ್ಚು ಸರಿಸುತ್ತದೆ. ಶ್ವಾಸಕೋಶದ ಗುರಿ ಬಿಟ್ಟು ಹೊಟ್ಟೆಗೆ ತಾಗಲು ಅಷ್ಟು ಸಾಕು. ನಿಮ್ಮ ಕಾಲಬುಡದಲ್ಲಿ ಹುಲ್ಲು ಅಲುಗದಿದ್ದರೂ ನಡುವಿನ ಕಣಿವೆಯಲ್ಲಿ ಗಾಳಿ ಜೋರಾಗಿರಬಹುದು. ಅದನ್ನು ಓದಲು ಬಾರದವರು 300 ಗಜ ದಾಟಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಇನ್ನೆರಡು ಮಾತು. ವಿಮಾನದಲ್ಲಿ ಒಯ್ದ ರೈಫಲ್‌ನ ಗುರಿ, ಪೆಟ್ಟಿಗೆ ಬಿದ್ದು ಎದ್ದು ಬಂದಿರುವುದರಿಂದ, ಕ್ಯಾಂಪ್ ಸೇರಿದ ದಿನವೇ ಮೂರು ಈಡು ಹಾರಿಸಿ ಪರೀಕ್ಷಿಸಿ. ಹ್ಯೂಸ್ಟನ್ ಸೆಕೆಗೆ ಹಚ್ಚಿದ ಎಣ್ಣೆ ಬೆಟ್ಟದ ಚಳಿಯಲ್ಲಿ ಗಟ್ಟಿಯಾಗಿ ಫೈರಿಂಗ್ ಪಿನ್ ನಿಧಾನವಾಗುತ್ತದೆ, ತೋಟಾ ಸಿಡಿಯದೆ ಉಳಿಯುತ್ತದೆ. ಬೋಲ್ಟ್ ಬಿಚ್ಚಿ ಎಣ್ಣೆ ಪೂರ್ತಿ ಒರೆಸಿ. ರಾತ್ರಿ ಬಿಸಿ ಡೇರೆಯೊಳಗೆ ತಂದರೆ ಲೆನ್ಸ್‌ಗೂ ಬೋಲ್ಟ್‌ಗೂ ತೇವ ಕೂತು ಬೆಳಿಗ್ಗೆ ಹೊರಗೆ ಹೆಪ್ಪುಗಟ್ಟುತ್ತದೆ; ತೋಟಾ ತೆಗೆದು, ಚಳಿಯಲ್ಲೇ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ.

ಪ್ರಶ್ನೆ: ತೋಟಕ್ಕೆ ಕಾಡುಹಂದಿ ಕಾಟ. ನಮಗೆ ಜಮ್ಮಾ ಕೋವಿಯ ವಿನಾಯಿತಿ ಇದೆ. ದೂರಕ್ಕೆ ಹೊಡೆಯುವ ಬೋಲ್ಟ್ ರೈಫಲ್ ಇಟ್ಟುಕೊಂಡು ಹಂದಿ ಹೊಡೆಯಬಹುದೇ? — ಓದುಗರು, ಸೋಮವಾರಪೇಟೆ

ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಟ್ಟಿರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. ಬೇಟೆಯ ವಿಷಯ ಬಂದಾಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಒಂದೇ. ಬೆಳೆಹಾನಿಗಾಗಿ ಪ್ರಾಣಿ ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕಾರ ಪಡೆದವರ ಲಿಖಿತ ಆದೇಶ ಬೇಕೇ ಬೇಕು. ಹಾನಿಯ ಫೋಟೊ ಸಹಿತ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ, ಪರಿಹಾರಕ್ಕೂ ಅದೇ ದಾರಿ.

ರೈಫಲ್ ವಿಷಯ: ಮೇಲೆ ಹೇಳಿದ .308, ಸೇನೆಯ 7.62 ಮಿ.ಮೀ. ತೋಟಾದ ಜೋಡಿ; .303ರಂತೆ ಅದೂ ಇಲ್ಲಿ ನಿಷೇಧಿತ ಬೋರ್ (ಸಾಮಾನ್ಯರಿಗೆ ಕೊಡದ ಅಳತೆ). ಸಾಮಾನ್ಯರಿಗೆ ಹೆಚ್ಚಾಗಿ ಸಿಗುವ ಬೋಲ್ಟ್ ರೈಫಲ್ ಎಂದರೆ ಸರ್ಕಾರಿ ಕಾರ್ಖಾನೆಯ .315. ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್‌ನ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗೂ ರೇಂಜಿಗೂ ಅದು ಸರಿ. ತೋಟದಲ್ಲಿ ಮಾತ್ರ ಯಾವ ರೈಫಲ್ ಕೂಡ ಎಚ್ಚರದ ವಸ್ತು: ಗುರಿ ತಪ್ಪಿದ ಗುಂಡು ಮೈಲಿ ದಾಟಿ ಹೋಗುತ್ತದೆ, ಕಾಫಿ ಗಿಡಗಳ ಆಚೆ ಕಾರ್ಮಿಕರ ಲೈನ್‌ಮನೆಗಳಿರುತ್ತವೆ. ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆಗೆ ಹಾರಿಸಲೇಬೇಡಿ.