ನಾಲ್ಕರಲ್ಲಿ ಎರಡು ವಾಲ್ವ್ ಕಿತ್ತರೆ ಸದ್ದು ಅರ್ಧ ಆಗುತ್ತಾ?

ಪ್ರಶ್ನೆ: ಸರ್, ಬೆಂಗಳೂರಿನ ಒಂದು ಸ್ಟುಡಿಯೊ ಮುಚ್ಚುವಾಗ 100 ವಾಟ್‌ನ ಹಳೇ ಮಾರ್ಷಲ್ ಹೆಡ್ (ಸ್ಪೀಕರ್ ಇಲ್ಲದ ಗಿಟಾರ್ ಆಂಪ್) ಮತ್ತು 16 ಓಮ್‌ನ ಸ್ಪೀಕರ್ ಪೆಟ್ಟಿಗೆ ಕೊಂಡೆ. ಸ್ಪೀಕರ್‌ಗೆ ಶಕ್ತಿ ಕೊಡುವ ನಾಲ್ಕು ಇಎಲ್34 ವಾಲ್ವ್ (ಗಾಜಿನ ಬುರುಡೆ) ಇವೆ, ಒಡೆದ ಸದ್ದು ಉಳಿಸಿಕೊಂಡು ಒಟ್ಟು ಸದ್ದು ತಗ್ಗಿಸುವ ಮಾಸ್ಟರ್ ವಾಲ್ಯೂಮ್ ಇಲ್ಲ. ನನಗೆ ಬೇಕಾದ ಆ ಒಡೆದ ಸದ್ದು (ಡಿಸ್ಟಾರ್ಷನ್) ಬರುವುದು ವಾಲ್ಯೂಮ್ 6 ದಾಟಿದ ಮೇಲೆ. ಆದರೆ 2 ದಾಟುವ ಹೊತ್ತಿಗೇ ಕೆಳಗಿನ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ಎರಡು ವಾಲ್ವ್ ಕಿತ್ತರೆ 50 ವಾಟ್ ಆಗುತ್ತದಂತೆ. ನಾನೇ ಮಾಡಬಹುದಾ? ಇಲ್ಲಾ, ಇದನ್ನು ಮಾರಿ 15 ವಾಟ್‌ನದು ತಗೊಳ್ಳಲಾ?
– ಗಿಟಾರ್ ಹುಚ್ಚ, ಶಿವಮೊಗ್ಗ

ಉತ್ತರ: ಕಿತ್ತರೆ ಸುಮಾರು 50 ವಾಟ್ ಆಗುವುದು ನಿಜ. ಕೆಳಗಿನ ಮನೆಯವರಿಗೆ ಮಾತ್ರ ಅದು ಗೊತ್ತೇ ಆಗುವುದಿಲ್ಲ.

ನಿಮ್ಮ ಊರಿನ ಕಡೆ ಡೊಳ್ಳು ಕುಣಿತ ನೋಡಿರುತ್ತೀರಿ ಅಲ್ವಾ? ಒಬ್ಬ ಬಡಿಯುತ್ತಿದ್ದಾಗ ಇನ್ನೊಬ್ಬ ಸೇರಿಕೊಂಡರೆ ಸದ್ದು ಎರಡು ಪಟ್ಟು ಅನ್ನಿಸುವುದಿಲ್ಲ. ಹಾಗೆ ಅನ್ನಿಸಬೇಕಾದರೆ ಸುಮಾರು ಹತ್ತು ಡೊಳ್ಳು ಬೇಕು. ವಾಟ್ ಲೆಕ್ಕವೂ ಅಷ್ಟೇ. 100ರಿಂದ 50ಕ್ಕೆ ಇಳಿದರೆ ಕಡಿಮೆಯಾಗುವುದು 3 ಡೆಸಿಬೆಲ್. ಕಿವಿಗೆ ಅರ್ಧ ಅನ್ನಿಸಲು 10 ವಾಟ್‌ಗೆ ಇಳಿಯಬೇಕು.

ಸ್ಪೀಕರ್‌ದೂ ಒಂದು ಪಾಲು ಇದೆ. ಗಿಟಾರ್ ಸ್ಪೀಕರ್‌ಗಳು ಸಾಮಾನ್ಯವಾಗಿ 1 ವಾಟ್‌ಗೆ, ಒಂದು ಮೀಟರ್ ದೂರದಲ್ಲಿ, 97ರಿಂದ 100 ಡೆಸಿಬೆಲ್ ಸದ್ದು ಮಾಡುತ್ತವೆ. ಬರೀ ಒಂದು ವಾಟ್‌ಗೆ! ಅಡುಗೆಮನೆ ಮಿಕ್ಸಿಗಿಂತ ಜೋರು. 15 ವಾಟ್‌ನ ಆಂಪ್ ಪೂರ್ತಿ ತಿರುಗಿಸಿದರೆ ಅದರ ಮೇಲೆ ಇನ್ನೂ 12 ಡೆಸಿಬೆಲ್. ಹಾಗಾಗಿ ಮಾರಿ ಚಿಕ್ಕದು ತಂದರೂ ಬಾಗಿಲು ಬಡಿಯುವುದು ನಿಲ್ಲುವುದಿಲ್ಲ.

ಮತ್ತೆ 100 ವಾಟ್ ಯಾಕೆ ಮಾಡಿದರು ಅಂತ ಕೇಳಬಹುದು. 1965ರಲ್ಲಿ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅವರ ಅಂಗಡಿಗೆ ‘ದಿ ಹೂ’ ರಾಕ್ ತಂಡದವರು ಬಂದು ಇನ್ನೂ ಜೋರಾದದ್ದು ಬೇಕು ಅಂದರು. ಆಗಿನ ಹಾಲ್‌ಗಳ ಮೈಕ್ ವ್ಯವಸ್ಥೆ ಬಡವಾಗಿತ್ತು. ಕೊನೇ ಸಾಲಿನವನಿಗೂ ಗಿಟಾರ್ ಆಂಪೇ ಕೇಳಿಸಬೇಕಿತ್ತು. ಈಗ ಆ ಕೆಲಸವನ್ನು ಮೈಕ್ ಮಾಡುತ್ತದೆ.

ಆದರೂ ಕೀಳಲೇಬೇಕು ಅನ್ನಿಸಿದರೆ ಹೀಗೆ ಮಾಡಿ. ಆಂಪ್ ಆರಿಸಿ, ಪ್ಲಗ್ ಕಿತ್ತು, ವಾಲ್ವ್ ತಣ್ಣಗಾಗಲು ಬಿಡಿ. ಹೊರಗಿನ ಎರಡು ಇಲ್ಲವೇ ಒಳಗಿನ ಎರಡು ಕೀಳಿ. ಎಡಗಡೆಯ ಎರಡನ್ನೂ ಒಟ್ಟಿಗೆ ತೆಗೆದರೆ ಪುಷ್-ಪುಲ್‌ನ (ವಾಲ್ವ್‌ಗಳು ಎರಡು ಕಡೆಯಾಗಿ ಸರದಿಯಲ್ಲಿ ದುಡಿಯುವ ಜೋಡಣೆ) ಒಂದು ಕಡೆ ಪೂರ್ತಿ ಖಾಲಿಯಾಗುತ್ತದೆ. ಆಮೇಲೆ ಬಹಳ ಜನ ಮರೆಯುವ ಕೆಲಸ: ಹಿಂದಿನ ಓಮ್ ಸೆಲೆಕ್ಟರ್ ಅನ್ನು 16ರಿಂದ 8ಕ್ಕೆ ತಿರುಗಿಸಿ. ಸ್ಪೀಕರ್ 16 ಓಮ್‌ನದೇ ಇರಲಿ. ಉಳಿದ ಎರಡು ವಾಲ್ವ್‌ಗಳಿಗೆ ಎರಡರಷ್ಟು ಲೋಡ್ ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯುವ ತಡೆ) ಬೇಕು, ಅದು ಸಿಗುವುದು ಹೀಗೆ. ವೋಲ್ಟೇಜ್ ತುಸು ಏರುವುದರಿಂದ ಬಯಸ್ (ವಾಲ್ವ್ ಸುಮ್ಮನಿದ್ದಾಗ ಎಷ್ಟು ಕರೆಂಟ್ ಎಳೆಯಬೇಕು ಅನ್ನುವ ಹೊಂದಾಣಿಕೆ) ಕೂಡ ನೋಡಿಸಬೇಕು. ಅದಕ್ಕೆ ಪೆಟ್ಟಿಗೆ ಬಿಚ್ಚಬೇಕು, ಒಳಗೆ 450ರಿಂದ 500 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಆ ಕೆಲಸ ನಿಮಗೆ ಬೇಡ. ವಾಲ್ವ್ ಗೊತ್ತಿರುವವರ ಹತ್ತಿರ ಕೊಡಿ.

ನಿಮ್ಮ ತೊಂದರೆಗೆ ನಿಜವಾದ ಮದ್ದು ಅಟೆನ್ಯುಯೇಟರ್. ಆಂಪ್‌ಗೂ ಸ್ಪೀಕರ್‌ಗೂ ನಡುವೆ ಕೂರುವ ಡಬ್ಬ ಅದು. ಆಂಪ್ 6ರಲ್ಲೇ ಕಿರುಚಲಿ, ಬಹುಪಾಲು ಶಕ್ತಿಯನ್ನು ಇದು ಬಿಸಿ ಮಾಡಿ ಕಳೆಯುತ್ತದೆ. 30 ಡೆಸಿಬೆಲ್ ತಗ್ಗಿಸಿದರೆ ಸ್ಪೀಕರ್‌ಗೆ ಹೋಗುವುದು 0.1 ವಾಟ್. ಕೊಳ್ಳುವಾಗ 16 ಓಮ್‌ಗೆ ಹೊಂದುವುದೇ ಕೇಳಿ, 150 ವಾಟ್ ತಡೆಯುವಂಥದ್ದನ್ನೇ ಹಿಡಿಯಿರಿ. ಒಡೆದು ಹಾಡುವಾಗ ವಾಲ್ವ್ ಆಂಪ್ ಮೇಲೆ ಬರೆದದ್ದಕ್ಕಿಂತ ಜಾಸ್ತಿ ಉಗುಳುತ್ತದೆ. ಇದರಲ್ಲಿ ವಾಲ್ವ್ ಸವೆತ ಕಡಿಮೆಯಾಗುವುದಿಲ್ಲ, ಸ್ಪೀಕರ್ ಅದುರುವ ಮಜವೂ ಹೋಗುತ್ತದೆ. ಅದನ್ನು ಒಪ್ಪಿಕೊಳ್ಳಬೇಕು.

ಟ್ರಯೋಡ್ ಸ್ವಿಚ್ (ವಾಲ್ವ್‌ಗಳನ್ನು ಕಡಿಮೆ ಶಕ್ತಿಯ ರೀತಿಯಲ್ಲಿ ಓಡಿಸುವ ಸ್ವಿಚ್) ಹಾಕಿಸಿ ಅನ್ನುವವರೂ ಸಿಗುತ್ತಾರೆ. ವಾಟ್ ಮತ್ತೆ ಅರ್ಧಕ್ಕೆ ಇಳಿಯುತ್ತದೆ, ಅದೇ 3 ಡೆಸಿಬೆಲ್, ಜೊತೆಗೆ ಮಂಕಾದ ಟ್ರೆಬಲ್. ಅದಕ್ಕೋಸ್ಕರ ಹಳೇ ಮಾರ್ಷಲ್‌ಗೆ ತೂತು ಕೊರೆಯಬೇಡಿ. ನನಗಂತೂ ನೋಡಲಾಗುವುದಿಲ್ಲ.

ಏನೇ ಮಾಡಿ, ಸ್ಪೀಕರ್ ಸಿಕ್ಕಿಸದೆ ಮಾತ್ರ ನುಡಿಸಬೇಡಿ. ಕಲಿಯುವ ಕಾಲದಲ್ಲಿ ನಾನೊಮ್ಮೆ ಆರ್ಕೆಸ್ಟ್ರಾದವರ ಆಂಪ್ ರಿಪೇರಿ ಮಾಡಿ, ಸ್ಪೀಕರ್ ವೈರ್ ನೆಲದಲ್ಲೇ ಬಿದ್ದಿದ್ದು ನೋಡದೆ, ಗಿಟಾರ್ ಜೋರಾಗಿ ಮೀಟಿದೆ. ಚಟ್ ಚಟ್ ಅಂತು. ಆಮೇಲೆ ವಾರ್ನಿಷ್ ಸುಟ್ಟ ವಾಸನೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿತ್ತು. ಹೊಸದಾಗಿ ವೈಂಡಿಂಗ್ ಮಾಡಿಸಲು ಒಂದು ತಿಂಗಳ ಸಂಬಳ ಅಲ್ಲಿಗೇ ಮುಗಿಯಿತು.

ಪ್ರಶ್ನೆ: ಅಜ್ಜನ ರೇಡಿಯೊದಲ್ಲಿ ಬಿಇಎಲ್‌ನ ಇಎಲ್84 ವಾಲ್ವ್ ಇದೆ. ನನ್ನ 15 ವಾಟ್ ಗಿಟಾರ್ ಆಂಪ್‌ಗೆ ಹಾಕಬಹುದಾ? ಅಥವಾ ರೇಡಿಯೊವನ್ನೇ ಗಿಟಾರ್ ಆಂಪ್ ಮಾಡಲಾ?
– ಓದುಗ, ಧಾರವಾಡ

ಉತ್ತರ: ಬೆಂಗಳೂರಿನ ಬಿಇಎಲ್ ವಾಲ್ವ್ ಒಳ್ಳೇ ಮಾಲು. ಆದರೆ ನಿಮ್ಮ ಆಂಪ್‌ಗೆ ಜೋಡಿ ಬೇಕು, ಎರಡೂ ಹೆಚ್ಚುಕಮ್ಮಿ ಒಂದೇ ಕರೆಂಟ್ ಎಳೆಯಬೇಕು. ಒಂಟಿ ವಾಲ್ವ್ ಹಾಕಿ ಏನೂ ಉಪಯೋಗವಿಲ್ಲ. ಅಜ್ಜನ ರೇಡಿಯೊ ಹಾಡುತ್ತಿದ್ದರೆ ಅದನ್ನು ಸುಮ್ನೆ ಬಿಡಿ.

ರೇಡಿಯೊವನ್ನೇ ಆಂಪ್ ಮಾಡುವುದು ಆಗದ ಕೆಲಸ ಏನಲ್ಲ. ಒಂದು ಇಎಲ್84ರಿಂದ 4–5 ವಾಟ್ ಬರುತ್ತದೆ. ಫೆಂಡರ್‌ನ ಚಿಕ್ಕ ‘ಚಾಂಪ್’ ಕೂಡ ಒಂದೇ 6ವಿ6 ವಾಲ್ವ್‌ನದು. ಆದರೆ ಮೊದಲು ಟಾರ್ಚ್ ಹಿಡಿದು ಎಲ್ಲ ವಾಲ್ವ್‌ಗಳ ಹೆಸರು ಓದಿ. ‘ಇ’ ಇಂದ ಶುರುವಾದರೆ 6.3 ವೋಲ್ಟ್ ಹೀಟರ್ (ವಾಲ್ವ್ ಕಾಯಿಸುವ ತಂತಿ), ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಸಂಭವ ಹೆಚ್ಚು. ಅದನ್ನೂ ಕಣ್ಣಾರೆ ನೋಡಿಕೊಳ್ಳಿ. ಯುಎಲ್84 ಥರ ‘ಯು’ ಇಂದ ಶುರುವಾಗಿದ್ದರೆ ಅದು ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್. ಅದರ ಚಾಸಿಗೇ (ಒಳಗಿನ ಲೋಹದ ತಟ್ಟೆಗೇ) ಮನೆಯ ಕರೆಂಟ್ ನೇರವಾಗಿ ಬಂದಿರಬಹುದು. ಗಿಟಾರ್ ತಂತಿ ಹಿಡಿದ ಕೈಗೆ ಅದೇ ಕರೆಂಟ್ ಬರುತ್ತದೆ. ಅಂಥದ್ದಕ್ಕೆ ಗಿಟಾರ್ ಸಿಕ್ಕಿಸಲೇಬೇಡಿ.